ಲೆಕ್ಕಪತ್ರದ ಕೆಲಸಕ್ಕೆ ಕುಳಿತಾಗ ಗಮನ ಚದುರದಿರಲು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ, ಮಂಡಿಗಳಲ್ಲಿ, ಅಥವಾ ಮನೆಯಲ್ಲೇ ಕುಳಿತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವ ಕಿರಿಯ ಗೆಳೆಯರು ನನ್ನಲ್ಲಿ ಹೇಳಿಕೊಳ್ಳುವ ತೊಂದರೆ ಹೆಚ್ಚುಕಡಿಮೆ ಒಂದೇ. ಸೋಮವಾರ ಹುರುಪಿನಿಂದ ಮೊಬೈಲಿನಲ್ಲಿ 25 ನಿಮಿಷದ ಟೈಮರ್ ಇಟ್ಟು ಕೂರುತ್ತಾರೆ, ಬುಧವಾರದ ಹೊತ್ತಿಗೆ ಅದನ್ನು ಕೈಬಿಡುತ್ತಾರೆ, ತಮಗೆ ಮನೋಬಲವೇ ಇಲ್ಲವೆಂದು ನೊಂದುಕೊಳ್ಳುತ್ತಾರೆ. ಅವರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾದದ್ದೇನೆಂದರೆ, ಕೊರತೆ ಇರುವುದು ಮನೋಬಲದಲ್ಲಲ್ಲ, ಕ್ರಮದಲ್ಲಿ. ಎಲ್ಲಕ್ಕಿಂತ ಕೊನೆಗೆ ಬರಬೇಕಾದ ಗಡಿಯಾರವನ್ನು ಅವರು ಎಲ್ಲಕ್ಕಿಂತ ಮೊದಲು ಹಿಡಿಯುತ್ತಾರೆ. ಯಾವ ಕೆಲಸ, ಅದಕ್ಕೆ ಬೇಕಾದ ಕಾಗದ ಎಲ್ಲಿದೆ, ಫೋನು ಎಲ್ಲಿದೆ ಎಂಬುದು ತೀರ್ಮಾನವಾಗದೆ ಹೊತ್ತನ್ನು ಅಳೆದು ಫಲವಿಲ್ಲ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ, ಒಂದು ರೂಢಿಯಾದ ಮೇಲೆ ಇನ್ನೊಂದರಂತೆ ಹಿಡಿಯಿರಿ. ಎಲ್ಲವನ್ನೂ ಒಂದೇ ದಿನ ಆರಂಭಿಸಿದವರಾರೂ ಎರಡನೆಯ ವಾರ ತಲುಪಿದ್ದನ್ನು ನಾನು ನೋಡಿಲ್ಲ.

ಬೇಕಾಗುವ ಸಾಮಗ್ರಿ

ಗೆರೆಯಿರುವ ಒಂದು ನೋಟ್‌ಬುಕ್, ಒಂದು ಬದಿ ಖಾಲಿಯಿರುವ ಹಳೆಯ ಪ್ರಿಂಟ್ ಹಾಳೆಗಳನ್ನು ಕತ್ತರಿಸಿದ ಚೀಟಿಗಳ ಒಂದು ಕಟ್ಟು, ಎರಡು ಬಣ್ಣದ ಪೆನ್ನು, ಕಾಗದ ಇಡುವ ಎರಡು ಟ್ರೇ, ಮತ್ತು ಮೊಬೈಲ್ ಅಲ್ಲದ ಒಂದು ಗಡಿಯಾರ. ಅಡುಗೆಮನೆಯಲ್ಲಿ ಬಳಸುವ ಸಣ್ಣ ಟೈಮರ್ ಅಥವಾ ಹಳೆಯ ಅಲಾರಾಂ ಗಡಿಯಾರ ಸಾಕು. ಹೊತ್ತು ನೋಡಲೆಂದು ಮೊಬೈಲ್ ಎತ್ತಿಕೊಂಡವರು ಹೊತ್ತನ್ನಷ್ಟೇ ನೋಡಿ ಕೆಳಗಿಡುವುದು ಅಪರೂಪ. ಹಣ ಕೊಟ್ಟು ಯಾವ ಆ್ಯಪನ್ನೂ ಕೊಳ್ಳುವ ಅಗತ್ಯವಿಲ್ಲ.

ಹಂತ 1: ಮೂರು ದಿನ ಬರೀ ಗುರುತು ಹಾಕಿ

ಮೊದಲ ಮೂರು ದಿನ ಏನನ್ನೂ ಬದಲಾಯಿಸಬೇಡಿ. ಪ್ರತಿ ಸಲ ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಡೆ ಹೋದಾಗ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು, ಕಾರಣ ಹೊರಗಿನದಾದರೆ ‘ಹೊ’ ಎಂದೂ, ನೀವಾಗಿಯೇ ಎದ್ದಿದ್ದರೆ ‘ಒ’ ಎಂದೂ ಗುರುತು ಹಾಕಿ. ಕರೆ ಬಂತು, ಪಾರ್ಟಿಯವರು (ಲೆಕ್ಕ ಬರೆಯಲು ಕೊಟ್ಟ ಅಂಗಡಿಯವರು) ಬಿಲ್ಲು ತಂದರು, ಕರೆಂಟ್ ಹೋಯಿತು ಎಂಬವು ‘ಹೊ’. ಸುಮ್ಮನೆ ವಾಟ್ಸಾಪ್ ತೆರೆದೆ, ಇನ್ನೊಂದು ಫೈಲ್ ನೆನಪಾಗಿ ಅದನ್ನು ತೆಗೆದೆ ಎಂಬವು ‘ಒ’.

ಇದನ್ನು ಹಾರಿಸಬಾರದು. ಬಹುತೇಕರು ತಮ್ಮ ಗಮನ ಕೆಡಿಸುವುದು ಪಾರ್ಟಿಯವರ ಕರೆಗಳೇ ಎಂದು ನಂಬಿರುತ್ತಾರೆ, ಹಾಳೆಯಲ್ಲಿ ‘ಒ’ ಹೆಚ್ಚಿರುವುದನ್ನು ಕಂಡು ಸುಮ್ಮನಾಗುತ್ತಾರೆ. ನನ್ನ ಮೊದಲ ಹಾಳೆಯೂ ಹಾಗೆಯೇ ಇತ್ತು. ‘ಹೊ’ ಹೆಚ್ಚಿದ್ದವರು 4 ಮತ್ತು 8ನೆಯ ಹಂತಗಳಿಗೆ, ‘ಒ’ ಹೆಚ್ಚಿದ್ದವರು 3 ಮತ್ತು 7ನೆಯ ಹಂತಗಳಿಗೆ ಹೆಚ್ಚು ದಿನ ಕೊಡಬೇಕು. ಈ ಮೂರು ದಿನಗಳನ್ನು ತಿಂಗಳ 21ರ ನಂತರ ಆರಿಸಿಕೊಳ್ಳಿ. ತೆರಿಗೆಯ ರಿಟರ್ನ್ ಸಲ್ಲಿಸುವ ಗಡಿಬಿಡಿಯ ವಾರದ ಗುರುತುಗಳು ನಿಮ್ಮ ಸಾಮಾನ್ಯ ದಿನದ ಚಿತ್ರ ಕೊಡುವುದಿಲ್ಲ.

ಹಂತ 2: ತಿಂಗಳನ್ನು ಬಿಡಿಸಿ ಇಡಿ

ಗಮನ ಆ ಕ್ಷಣದಲ್ಲಿ ಕೆಡುತ್ತದೆಂದು ಕಂಡರೂ ಅದಕ್ಕೆ ಕಾರಣ ಹತ್ತು ದಿನ ಹಿಂದೆ ಬಿಟ್ಟ ಕೆಲಸವಾಗಿರುತ್ತದೆ. ಮಾರ್ಚ್ ತಿಂಗಳದ್ದನ್ನು ಬಿಟ್ಟರೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟಲು ಮುಂದಿನ ತಿಂಗಳ 7, ತಿಂಗಳಿಗೊಮ್ಮೆ ಸಲ್ಲಿಸುವವರ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11, ನೌಕರರ ಭವಿಷ್ಯನಿಧಿಯಾದ ಪಿಎಫ್ ಮತ್ತು ವಿಮೆಯಾದ ಇಎಸ್‌ಐಗೆ 15, ತಿಂಗಳಿಗೊಮ್ಮೆ ಸಲ್ಲಿಸುವವರದೇ ಜಿಎಸ್‌ಟಿಆರ್-3ಬಿಗೆ (ತೆರಿಗೆ ಕಟ್ಟುವ ರಿಟರ್ನ್) 20 ಕೊನೆಯ ದಿನಗಳು. ಖರೀದಿಯನ್ನು ತಾಳೆ ನೋಡಲು ಬೇಕಾದ ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಸಿಗುವುದು 14ರಂದು. ಅಂದರೆ ಅತಿ ಹೆಚ್ಚು ಗಮನ ಬೇಡುವ ಕೆಲಸಕ್ಕೆ ಉಳಿಯುವುದು ಆರೇ ದಿನ. ಆ ಆರು ದಿನಗಳಲ್ಲಿ ಎಂಟ್ರಿಯನ್ನೂ ಮಾಡುತ್ತೇನೆ, ಬ್ಯಾಂಕ್ ತಾಳೆಯನ್ನೂ (ಪುಸ್ತಕದ ಲೆಕ್ಕ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಹೊಂದುತ್ತದೆಯೇ ಎಂದು) ನೋಡುತ್ತೇನೆ, 2ಬಿಯನ್ನೂ ಹೊಂದಿಸುತ್ತೇನೆ ಎಂದರೆ ಯಾವ ಏಕಾಗ್ರತೆಯೂ ನಿಲ್ಲುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಈ ತಾರೀಖುಗಳಿಗೆ ಕೆಂಪು ಸುತ್ತು ಹಾಕಿ, 21ರಿಂದ ತಿಂಗಳ ಕೊನೆಯವರೆಗಿನ ಬಿಡುವಿನ ದಿನಗಳಿಗೆ ಆ ತಿಂಗಳ ಅಲ್ಲಿಯವರೆಗಿನ ಎಂಟ್ರಿಯನ್ನೂ, 1ರಿಂದ 6ರವರೆಗಿನ ದಿನಗಳಿಗೆ ಬ್ಯಾಂಕ್ ತಾಳೆಯನ್ನೂ ಹಂಚಿ. 14ರಿಂದ 19ರವರೆಗೆ 2ಬಿ ತಾಳೆ ಮಾತ್ರ ಇರಲಿ. ತಡವಾದ 3ಬಿಗೆ ದಿನಕ್ಕೆ ₹50, ಕಟ್ಟಬೇಕಾದ ತೆರಿಗೆಯೇ ಇಲ್ಲದ ‘ನಿಲ್’ ಆದರೆ ₹20 ತಡಶುಲ್ಕ ಬೀಳುತ್ತದೆ ಎಂಬ ಭಯ ತಲೆಯ ಮೇಲೆ ಕುಳಿತಿದ್ದಾಗ ಯಾರಿಗೂ ಸಾಲು ಬಿಡದೆ ಓದಲು ಆಗುವುದಿಲ್ಲ.

ಹಂತ 3: ಕೆಲಸವನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿ

“ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಮುಗಿಸಬೇಕು” ಎಂಬುದು ಕೆಲಸವಲ್ಲ, ಹೊರೆ. ಅದನ್ನು ಬರೆದುಕೊಂಡು ಕುಳಿತವರ ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ, ಏಕೆಂದರೆ ಎಲ್ಲಿಂದ ಹಿಡಿಯಬೇಕೆಂದು ಆ ವಾಕ್ಯ ಹೇಳುವುದಿಲ್ಲ. “ಜೂನ್ ಖರೀದಿ ಬಿಲ್ಲು 1ರಿಂದ 60ರವರೆಗೆ ಟ್ಯಾಲಿ ಸಾಫ್ಟ್‌ವೇರಿಗೆ ಏರಿಸುವುದು, ಜಿಎಸ್‌ಟಿ ನಂಬರ್ ಇಲ್ಲದವನ್ನು ಬೇರೆ ಇಡುವುದು” ಎಂಬುದು ಕೆಲಸ. ಚೀಟಿಯಲ್ಲಿ ಏನು ಮಾಡುವುದು, ಎಷ್ಟು ಮಾಡುವುದು, ಎಲ್ಲಿಗೆ ನಿಲ್ಲಿಸುವುದು ಎಂಬ ಮೂರೂ ಇರಬೇಕು. ಒಂದು ಚೀಟಿಯ ಕೆಲಸ ಒಂದು ಗಂಟೆ ಮೀರಬಾರದು. ಮೀರುವಂತಿದ್ದರೆ ಎರಡು ಚೀಟಿ ಮಾಡಿ.

ಅದಕ್ಕಿಂತ ಮುಖ್ಯವಾದದ್ದು ಕಾಗದಗಳನ್ನು ಮೊದಲೇ ಕೂಡಿಸಿಕೊಳ್ಳುವುದು. ನಾನು ಕಂಡಂತೆ, ಕುಳಿತ ಕೆಲಸ ಮುರಿದುಬೀಳಲು ಅತಿ ದೊಡ್ಡ ಕಾರಣ ನಡುವೆ ಕಾಣೆಯಾಗುವ ಒಂದು ಹಾಳೆ. ಬ್ಯಾಂಕ್ ತಾಳೆ ಅರ್ಧ ಮುಗಿದಿರುತ್ತದೆ, 18ನೇ ತಾರೀಖಿನ ನಂತರದ ಸ್ಟೇಟ್‌ಮೆಂಟ್ ಬಂದೇ ಇಲ್ಲವೆಂದು ಆಗ ಗೊತ್ತಾಗುತ್ತದೆ. ಪಾರ್ಟಿಯವರಿಗೆ ಕರೆ ಮಾಡುತ್ತೀರಿ, ಅವರು ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ಸಂದೇಶ ಹಾಕುತ್ತೀರಿ, ಹಾಕುವಾಗ ಇನ್ನೊಬ್ಬರ ಸಂದೇಶ ಕಾಣಿಸುತ್ತದೆ, ಅದಕ್ಕೆ ಉತ್ತರಿಸುತ್ತೀರಿ. ಅಲ್ಲಿಗೆ ಆ ಬೆಳಗ್ಗೆ ಮುಗಿಯಿತು. ಅದಕ್ಕಾಗಿ ಸಂಜೆಯೇ ಮಾರನೆಯ ದಿನದ ಫೈಲ್ ತೆರೆದು, ಸ್ಟೇಟ್‌ಮೆಂಟ್ ಪೂರ್ಣವಿದೆಯೇ, ಬಿಲ್ಲುಗಳ ನಡುವೆ ನಂಬರ್ ತಪ್ಪಿದೆಯೇ ಎಂದು ನೋಡಿ. ಪೂರ್ಣವಿಲ್ಲದ ಫೈಲನ್ನು ಬೆಳಗಿನ ಕೆಲಸಕ್ಕೆ ಇಡಲೇಬೇಡಿ.

ಹಂತ 4: ಫೋನಿನ ವ್ಯವಸ್ಥೆ

‘ಫೋನನ್ನು ಆಫ್ ಮಾಡಿ’ ಎಂಬ ಸಲಹೆ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಬಿಲ್ಲುಗಳು ವಾಟ್ಸಾಪಿನಲ್ಲೇ ಬರುತ್ತವೆ, ಒಟಿಪಿ ಇಲ್ಲದೆ ಬಹುತೇಕ ರಿಟರ್ನ್ ಹೋಗುವುದಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದರೆ ಕರೆ ತಪ್ಪಿಸುವಂತಿಲ್ಲ. ಆದುದರಿಂದ ಫೋನನ್ನು ಬಿಡುವ ಬದಲು ಅದರ ಮೂರು ಕೆಲಸಗಳನ್ನು ಬಿಡಿಸಿ ಬೇರೆ ಬೇರೆ ಹೊತ್ತಿಗೆ ಇಡಬೇಕು.

ಮೊದಲನೆಯದು ತುರ್ತು ಕರೆ. ‘ಡು ನಾಟ್ ಡಿಸ್ಟರ್ಬ್’ ವ್ಯವಸ್ಥೆಯಲ್ಲಿ, ಒಬ್ಬರೇ ಮತ್ತೆ ಮತ್ತೆ ಕರೆ ಮಾಡಿದರೆ ಮಾತ್ರ ಗಂಟೆ ಹೊಡೆಯುವಂತೆ ಇಡಬಹುದು. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಅದೇ ವ್ಯಕ್ತಿಯ ಎರಡನೆಯ ಕರೆ ಬಂದರೆ ಅದು ಒಳಗೆ ಬರುತ್ತದೆ. “ಅರ್ಜೆಂಟ್ ಇದ್ರೆ ತಕ್ಷಣ ಎರಡು ಸಲ ಮಾಡಿ” ಎಂದು ಮನೆಯವರಿಗೆ ಹೇಳಿಡಿ. ಇದನ್ನು ಹೇಳದೆ ಫೋನು ಮೌನವಾಗಿಸಿದವರು ‘ಅಮ್ಮ ಮಾಡಿದ್ದರೇನೋ’ ಎಂಬ ಅಳುಕಿನಿಂದಲೇ ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಾರೆ.

ಎರಡನೆಯದು ಬಿಲ್ಲುಗಳು ಮತ್ತು ಸಂದೇಶಗಳು. ದಿನಕ್ಕೆ ಮೂರು ಹೊತ್ತು ಗೊತ್ತು ಮಾಡಿ: ಬಂದ ಕೂಡಲೇ, ಊಟಕ್ಕೆ ಮುಂಚೆ, ಸಂಜೆ 4ಕ್ಕೆ. ವಾಟ್ಸಾಪ್ ಬಿಸಿನೆಸ್ ಬಳಸುವವರು ‘ಅವೇ ಮೆಸೇಜ್’ ಜಾಗದಲ್ಲಿ “ಬಿಲ್ಲುಗಳು ತಲುಪಿವೆ, ಸಂಜೆ 4ರ ನಂತರ ನೋಡಿ ತಿಳಿಸುತ್ತೇವೆ” ಎಂದು ಇಟ್ಟರೆ ಪಾರ್ಟಿಯವರು ಮತ್ತೆ ಮತ್ತೆ ಕೇಳುವುದು ಕಡಿಮೆಯಾಗುತ್ತದೆ. ಅವರಿಗೆ ಬೇಕಾಗಿರುವುದು ತಕ್ಷಣದ ಉತ್ತರಕ್ಕಿಂತ, ತಲುಪಿದೆ ಎಂಬ ಭರವಸೆ. ಕುಟುಂಬದ ಮತ್ತು ಗೆಳೆಯರ ಗುಂಪುಗಳನ್ನು ‘ಯಾವಾಗಲೂ’ ಎಂಬ ಆಯ್ಕೆಯಿಂದ ಮ್ಯೂಟ್ ಮಾಡಿ.

ಮೂರನೆಯದು ಒಟಿಪಿ. ಒಟಿಪಿ ಬೇಡುವ ಕೆಲಸಗಳನ್ನೆಲ್ಲ ದಿನವಿಡೀ ಚೆಲ್ಲದೆ ಒಂದು ಚೀಟಿಯಲ್ಲಿ ಕೂಡಿಸಿ, ಒಂದೇ ಬಾರಿಗೆ ಮಾಡಿ. ರಿಟರ್ನಿನ ಒಟಿಪಿ ಹೋಗುವುದು ಸಹಿ ಹಾಕುವ ಅಧಿಕಾರವಿರುವ ಮಾಲೀಕರ ಫೋನಿಗೆ, ಅವರು ಆ ಹೊತ್ತಿಗೆ ಗೋಡೌನಿನಲ್ಲೋ ಬೈಕಿನ ಮೇಲೋ ಇರುತ್ತಾರೆ. “ಯಜಮಾನ್ರೇ, ಸಂಜೆ ನಾಲ್ಕೂವರೆಗೆ ಒಟಿಪಿ ಬರುತ್ತೆ, ಫೋನು ಕೈಯಲ್ಲಿರ್ಲಿ, ನಾನೇ ಕರೆ ಮಾಡ್ತೀನಿ” ಎಂದು ಬೆಳಗ್ಗೆಯೇ ಹೇಳಿದರೆ ನಿಮ್ಮ ಅರ್ಧ ಗಂಟೆ ಉಳಿಯುತ್ತದೆ. ನೀವಾಗಿ ಕರೆ ಮಾಡದ ಹೊರತು ನಿಮ್ಮ ಹೆಸರು ಹೇಳಿದವರಿಗೂ ಒಟಿಪಿ ಕೊಡಬಾರದೆಂದು ಅವರಿಗೆ ಇದೇ ಸಂದರ್ಭದಲ್ಲಿ ತಿಳಿಸಿ.

ಉಳಿದ ಹೊತ್ತಿನಲ್ಲಿ ಫೋನು ಬೆನ್ನ ಹಿಂದಿನ ಕಪಾಟಿನಲ್ಲೋ ಬೇರೆ ಕೋಣೆಯಲ್ಲೋ ಇರಲಿ. ಮೇಜಿನ ಮೇಲೆ ಬೋರಲಾಗಿ ಇಡುವುದು ಸಾಲದು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟವರು ಮೌನವಾಗಿಸಿ ಮೇಜಿನ ಮೇಲಿಟ್ಟವರಿಗಿಂತ ನೆನಪು ಮತ್ತು ತರ್ಕದ ಪರೀಕ್ಷೆಗಳಲ್ಲಿ ಉತ್ತಮವಾಗಿ ಮಾಡಿದರು. ಆನಂತರದ ಕೆಲವು ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಇದಕ್ಕೆ ಖರ್ಚಿಲ್ಲ, ಒಂದು ವಾರ ಮಾಡಿ ನಿಮ್ಮ ‘ಒ’ ಗುರುತುಗಳನ್ನು ಎಣಿಸಿದರೆ ನಿಮಗೇ ತಿಳಿಯುತ್ತದೆ.

ಹಂತ 5: ಮೇಜು ಮತ್ತು ಪರದೆ

ಮೇಜಿನ ಮೇಲೆ ಒಂದೇ ಫೈಲ್ ಇರಬೇಕು. ಆಗಬೇಕಾದ ಕಾಗದ ಎಡಗಡೆಯ ಟ್ರೇಯಲ್ಲಿ, ಆದದ್ದು ಬಲಗಡೆ. ಪರದೆಯಲ್ಲಿ ಟ್ಯಾಲಿ ಮತ್ತು ಆ ಕೆಲಸಕ್ಕೆ ಬೇಕಾದ ಒಂದು ಎಕ್ಸೆಲ್ ಹಾಳೆ ಸಾಕು, ಉಳಿದ ಕಿಟಕಿಗಳನ್ನು ಮುಚ್ಚಿ. ಬೆಳಕು ಪಕ್ಕದಿಂದ ಬರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ರೂಢಿ ಕಣ್ಣಿನ ಆಯಾಸ ತಗ್ಗಿಸುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಮಾರ್ಗದರ್ಶಿಯ ಉಳಿದ ಭಾಗಕ್ಕೆ ಅರ್ಥವಿಲ್ಲ, ಅದನ್ನು ಖರ್ಚೆಂದು ನೋಡಬೇಡಿ.

ಹಂತ 6: ಈಗ ಗಡಿಯಾರ

ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ರೂಪಿಸಿದ ಪೊಮೊಡೊರೊ ಪದ್ಧತಿಯಲ್ಲಿ 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಬಿಲ್ಲು ಏರಿಸುವ ಕೆಲಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಪ್ರತಿ ಬಿಲ್ಲೂ ತನ್ನಷ್ಟಕ್ಕೆ ಮುಗಿಯುತ್ತದೆ. ತಾಳೆ ನೋಡುವ ಕೆಲಸಕ್ಕೆ ಇದು ಹೊಂದುವುದಿಲ್ಲ ಎಂಬುದು ನನ್ನ ಅನುಭವ. ಹೊಂದದ ಆರೇಳು ಮೊತ್ತಗಳನ್ನು ತಲೆಯಲ್ಲಿ ಹಿಡಿದು ಹುಡುಕುತ್ತಿರುವಾಗ, ಅವು ಸರಿಯಾಗಿ ಕುಳಿತುಕೊಳ್ಳುವ ಹೊತ್ತಿಗೇ ಗಂಟೆ ಹೊಡೆದುಬಿಡುತ್ತದೆ. ಅದಕ್ಕೆ 45ರಿಂದ 50 ನಿಮಿಷ ಕುಳಿತು 10 ನಿಮಿಷ ಏಳಿ.

ಗಂಟೆ ಹೊಡೆದಾಗ ಕೈಯಲ್ಲಿರುವ ಬಿಲ್ಲು ಮುಗಿಸಿ, ಗುರುತು ಹಾಕಿ, ಆಮೇಲೆ ಏಳಬೇಕು. ವಿರಾಮದಲ್ಲಿ ನೀರು ಕುಡಿಯಿರಿ, ಹೊರಗೆ ನಿಂತು ಬನ್ನಿ, ಆದರೆ ಫೋನು ಮುಟ್ಟಬೇಡಿ. ಫೋನು ನೋಡಿದ ವಿರಾಮ ಹೊಸ ಯೋಚನೆಗಳನ್ನು ತಂದು ಹಾಕುತ್ತದೆಯೇ ಹೊರತು ಇದ್ದವನ್ನು ಇಳಿಸುವುದಿಲ್ಲ. ದಿನಕ್ಕೆ ಇಂಥ ನಾಲ್ಕು ಗಟ್ಟಿ ಕೂರಿಕೆಗಳಾದರೆ ಒಳ್ಳೆಯ ದಿನವೆಂದೇ ತಿಳಿಯಿರಿ. ಎಂಟು ಮಾಡುತ್ತೇನೆಂದು ಹೊರಟು ಮೂರಕ್ಕೆ ಸೋತವರು ಮಾರನೆಯ ದಿನ ಒಂದನ್ನೂ ಮಾಡುವುದಿಲ್ಲ.

ತಾಳೆಯ ಕೆಲಸವನ್ನು ಊಟಕ್ಕೆ ಮುಂಚೆ ಮುಗಿಸಿ. ಮಧ್ಯಾಹ್ನ ಅನ್ನ-ಸಾರು ಉಂಡು ಬಂದ ಮೊದಲ ಗಂಟೆಯಲ್ಲಿ ಕಣ್ಣು ಎಳೆಯುವುದು ಸಹಜ. ಆ ಹೊತ್ತಿಗೆ ಸ್ಕ್ಯಾನ್ ಮಾಡುವುದು, ಫೈಲಿಗೆ ಹಾಕುವುದು, ಹೆಸರು ಬರೆಯುವುದು ಇಡಿ. ನಿದ್ದೆ ಓಡಿಸಲು ಸಂಜೆ ಮೇಲೆ ಮೇಲೆ ಕಾಫಿ ಕುಡಿಯುವುದು ಬೇಡ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಅದು ರಾತ್ರಿಯ ನಿದ್ದೆಯನ್ನು ತಿಂದು ಮರುದಿನದ ಬೆಳಗನ್ನು ಕೆಡಿಸುತ್ತದೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು, 19ನೇ ತಾರೀಖಿನ ರಾತ್ರಿಯೂ ಬೇಕು.

ಹಂತ 7: ನಡುವೆ ಏಳುವ ಯೋಚನೆಗೆ ಒಂದು ಚೀಟಿ

ಕುಳಿತ ಹತ್ತನೆಯ ನಿಮಿಷಕ್ಕೆ ಮನಸ್ಸು ಬೇರೆ ಕೆಲಸಗಳನ್ನು ನೆನಪಿಸತೊಡಗುತ್ತದೆ. ಅದನ್ನು ತಡೆಯಲು ಹೋಗದೆ ಬರೆದುಕೊಳ್ಳಿ. ನಿನ್ನೆಯ ನನ್ನ ಚೀಟಿ ಇಲ್ಲೇ ಮೇಜಿನ ಮೇಲಿದೆ: “ಗ್ಯಾಸ್ ಬುಕ್. ಅಕ್ಕನಿಗೆ ಕರೆ, ರಾತ್ರಿ. ಅಕ್ಕಿ ಮಂಡಿಯವರ ಡಿಜಿಟಲ್ ಸಹಿ ಮುಗಿಯುವುದು ಯಾವಾಗ? ಪ್ರಿಂಟರ್ ಇಂಕು. ಪಾತ್ರೆ ಅಂಗಡಿ, ಮೇ ತಿಂಗಳ ಬಾಡಿಗೆ ರಸೀದಿ ಕೇಳು, 4ಕ್ಕೆ.” ಹೀಗೆ ಐದು ಸಾಲು. ಇವುಗಳಲ್ಲಿ ಯಾವುದಕ್ಕೂ ಆ ಕ್ಷಣವೇ ಏಳಬೇಕಿರಲಿಲ್ಲ, ಆದರೆ ಬರೆಯದಿದ್ದರೆ ಐದಕ್ಕೂ ಎದ್ದಿರುತ್ತಿದ್ದೆ.

ಸಾಧ್ಯವಾದಲ್ಲೆಲ್ಲ ಮುಂದೆ ಹೊತ್ತನ್ನೂ ಬರೆಯಿರಿ. ಮುಗಿಯದ ಕೆಲಸ ತಲೆಯಲ್ಲಿ ಸುತ್ತುತ್ತಿರುವುದು ಅದನ್ನು ಮುಗಿಸಿದಾಗ ಮಾತ್ರವಲ್ಲ, ಯಾವಾಗ ಹೇಗೆ ಮಾಡುವುದೆಂದು ತೀರ್ಮಾನಿಸಿದಾಗಲೂ ನಿಲ್ಲುತ್ತದೆ ಎಂಬುದನ್ನು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರ ಅಧ್ಯಯನದಲ್ಲಿ ತೋರಿಸಿದರು. ಇಲ್ಲಿ ಆಗುವ ತಪ್ಪೆಂದರೆ, ಚೀಟಿಯ ಬದಲು ಮೊಬೈಲಿನಲ್ಲಿ ಬರೆದುಕೊಳ್ಳುವುದು.

ಹಂತ 8: ಅಡ್ಡ ಬಂದವರು, ಮತ್ತು ಮರಳುವ ಗುರುತು

ಬಟ್ಟೆ ಚೀಲದಲ್ಲಿ ಬಿಲ್ಲು ತುಂಬಿಕೊಂಡು ಬಾಗಿಲಲ್ಲಿ ನಿಂತ ಪಾರ್ಟಿಯವರನ್ನು ಆಮೇಲೆ ಬನ್ನಿ ಎನ್ನಲಾಗುವುದಿಲ್ಲ, ಎನ್ನಲೂಬಾರದು. “ಕೂತ್ಕೊಳ್ಳಿ ಅಣ್ಣಾ, ಒಂದೇ ನಿಮಿಷ, ಈ ಸಾಲು ಬರ್ಕೊಂಡ್ಬಿಡ್ತೀನಿ” ಎಂದು ಹೇಳಿ, ಆ ಒಂದು ನಿಮಿಷದಲ್ಲಿ ನಿಂತ ಜಾಗವನ್ನು ಬರೆದಿಡಿ: “118 ಆಯಿತು. 119ರಲ್ಲಿ ತೆರಿಗೆ ಶೇ. 5 ಹಾಕಿದ್ದಾರೆ, 18 ಇರಬೇಕೇ ನೋಡು. ನಂತರ 120.” ಬರೀ “119” ಎಂದು ಬರೆದರೆ ಸಾಲದು, ಆ ಹೊತ್ತಿಗೆ ತಲೆಯಲ್ಲಿದ್ದ ಅನುಮಾನವನ್ನೂ ಬರೆಯಬೇಕು. ಅರ್ಧಕ್ಕೆ ಬಿಟ್ಟ ಕೆಲಸದ ಎಳೆ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುವುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ವಿವರಿಸಿದರು. ಮರಳಿ ಬಂದಾಗ ಏನು ಮಾಡಬೇಕೆಂದು ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಎಂಬುದು ಅವರ ಮುಂದಿನ ಕೆಲಸದಲ್ಲಿ ಕಂಡುಬಂತು.

ನಾನು ಇದನ್ನು ಕಲಿತದ್ದು ಒಂದು ನಷ್ಟದಿಂದ. ವೃತ್ತಿಯ ಆರಂಭದಲ್ಲಿ, ಏರಿಸುತ್ತಿದ್ದ ಬಿಲ್ಲನ್ನು ಬಿಟ್ಟು ಕರೆಗೆ ಎದ್ದು ಹೋದೆ, ಬಂದು ಅದನ್ನೇ ಮತ್ತೆ ಏರಿಸಿದೆ. ಎರಡನೆಯ ಸಲ ನಂಬರಿನಲ್ಲಿ ಒಂದು ಅಡ್ಡಗೆರೆ ಹೆಚ್ಚಾಗಿ ಬಿದ್ದಿದ್ದರಿಂದ ಪಟ್ಟಿಯಲ್ಲಿ ಅದು ಬೇರೆ ಬಿಲ್ಲಿನಂತೆ ಕಂಡಿತು. ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ಕ್ರೆಡಿಟ್ಟನ್ನು ಎರಡು ಸಲ ಪಡೆದಂತಾಗಿ, ಹೆಚ್ಚಿನದನ್ನು ಅಂಗಡಿಯವರು ಬಡ್ಡಿ ಸಮೇತ ಹಿಂದಿರುಗಿಸಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ, ಅದು ಇಂದಿಗೂ ನೋಯುತ್ತದೆ.

ಅಡ್ಡ ಬರುವವರು ಹಿರಿಯರೇ ಆಗಿದ್ದರೆ, ಆಗುವುದಿಲ್ಲ ಎನ್ನುವ ಬದಲು ಹೊತ್ತು ಹೇಳಿ: “ಸರ್, ಈ ತಾಳೆ ಹನ್ನೆರಡಕ್ಕೆ ಮುಗಿಯುತ್ತೆ, ಆಮೇಲೆ ತಗೊಳ್ಳಲಾ, ಈಗ್ಲೇ ಬೇಕಾ?” ಬಹಳ ಸಲ ಅದು ಹನ್ನೆರಡರ ನಂತರ ಆದರೂ ಆಗುವ ಕೆಲಸವೇ ಆಗಿರುತ್ತದೆ.

ನಿಲ್ಲಿಸಬೇಕೆಂದು ತಿಳಿಸುವ ಚಿಹ್ನೆಗಳು

ಗಮನ ಹೋಗಿದೆಯೆಂದು ನಮಗೆ ತಿಳಿಯುವ ಮೊದಲೇ ಲೆಕ್ಕಕ್ಕೆ ತಿಳಿದಿರುತ್ತದೆ. ತಾಳೆಯಾಗದ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ, ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 5,940ನ್ನು 5,490 ಎಂದು ಬರೆದರೆ ವ್ಯತ್ಯಾಸ 450, ಅದು 9ರ ಐವತ್ತು ಪಟ್ಟು. 500ಕ್ಕೆ ಒಂದು ಸೊನ್ನೆ ಬಿಟ್ಟು 50 ಬರೆದರೂ ವ್ಯತ್ಯಾಸ 450 ಆಗುತ್ತದೆ. ವ್ಯತ್ಯಾಸದ ಅರ್ಧ ಮೊತ್ತ ಪುಸ್ತಕದಲ್ಲಿ ಸಿಕ್ಕರೆ, ಖರ್ಚಿಗೆ ಬರಬೇಕಾದದ್ದು ಜಮಾಕ್ಕೆ ಹೋಗಿದೆಯೇ ಎಂದು ನೋಡಿ. ಇವು ತಪ್ಪು ಹುಡುಕುವ ಹಳೆಯ ಉಪಾಯಗಳು, ಆದರೆ ನಾನು ಇವನ್ನು ಆಯಾಸದ ಅಳತೆಯಾಗಿಯೂ ಬಳಸುತ್ತೇನೆ. ಒಂದೇ ಕೂರಿಕೆಯಲ್ಲಿ ಅಂಕಿ ಎರಡು ಸಲ ತಿರುವುಮುರುವಾದರೆ, ಅಥವಾ ಒಂದೇ ಸಾಲನ್ನು ಮೂರನೆಯ ಸಲ ಓದುತ್ತಿದ್ದರೆ, ಅಥವಾ ಬ್ಯಾಂಕಿನ ಪುಟ ತೆರೆದು ಏಕೆ ತೆರೆದೆನೆಂದು ಮರೆತರೆ, ಎಷ್ಟೇ ಕೆಲಸ ಬಾಕಿಯಿದ್ದರೂ ಎದ್ದುಬಿಡಿ. ಆ ಸ್ಥಿತಿಯಲ್ಲಿ ಏರಿಸಿದ ಇಪ್ಪತ್ತು ಬಿಲ್ಲುಗಳನ್ನು ನಾಳೆ ಮತ್ತೆ ನೋಡಬೇಕಾಗುತ್ತದೆ.

ಇನ್ನೊಂದು ಬಗೆಯ ಚಿಹ್ನೆಗಳಿವೆ. ಇದೆಲ್ಲವನ್ನೂ ಮಾಡಿದರೂ ವಾರಗಟ್ಟಲೆ ಗಮನ ನಿಲ್ಲದಿದ್ದರೆ, ಜೊತೆಗೆ ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಸದಾ ಆತಂಕ ಇದ್ದರೆ, ಅಥವಾ ಚಿಕ್ಕಂದಿನಿಂದಲೂ ಹೀಗೆಯೇ ಇದ್ದರೆ, ಅದು ಚೀಟಿ-ಗಡಿಯಾರಗಳಿಂದ ಸರಿಹೋಗುವ ವಿಷಯವಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಹಂತ 9: ಏಳುವ ಮುಂಚಿನ ಹದಿನೈದು ನಿಮಿಷ

ಕಚೇರಿ ಬಿಡುವ ಹದಿನೈದು ನಿಮಿಷ ಮುಂಚೆ ಹೊಸದಾಗಿ ಏನನ್ನೂ ಹಿಡಿಯಬೇಡಿ. ಟ್ಯಾಲಿಯ ಬ್ಯಾಕಪ್ ತೆಗೆಯಿರಿ. ದಿನದ ಚೀಟಿಗಳಲ್ಲಿ ಆಗದೆ ಉಳಿದ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿ, ಚೀಟಿ ಹರಿದುಹಾಕಿ. ಎಷ್ಟು ಗಂಟೆ ಕುಳಿತೆ ಎಂದು ಬರೆಯುವ ಬದಲು ಎಷ್ಟು ಬಿಲ್ಲು ಏರಿತು, ಎಷ್ಟು ಸಾಲು ತಾಳೆಯಾಯಿತು ಎಂದು ಬರೆಯಿರಿ. ಎರಡು ವಾರದ ನಂತರ ಹಿಂದಿರುಗಿ ನೋಡಿದಾಗ ನಿಮಗೆ ಯಾವ ಹೊತ್ತು ಒಗ್ಗುತ್ತದೆ ಎಂಬುದು ಆ ಅಂಕಿಗಳಲ್ಲೇ ಕಾಣುತ್ತದೆ.

ಕೊನೆಗೆ ಮಾರನೆಯ ದಿನದ ಮೊದಲ ಕೆಲಸದ ಫೈಲನ್ನು, ಕಾಗದ ಪೂರ್ಣವಿದೆಯೆಂದು ನೋಡಿಕೊಂಡು, ಮೇಜಿನ ನಡುವೆ ಇಟ್ಟು, ಅದರ ಮೇಲೆ ಚೀಟಿ ಬರೆದಿಡಿ. ಬೆಳಗ್ಗೆ ಬಂದು ಸಂದೇಶಗಳನ್ನು ನೋಡುವ ಗೊತ್ತಾದ ಹೊತ್ತು ಮುಗಿದೊಡನೆ ಫೋನನ್ನು ಕಪಾಟಿಗೆ ಸೇರಿಸಿ, ಆ ಚೀಟಿಯ ಮೊದಲ ಸಾಲಿನಿಂದ ಶುರು ಮಾಡಿ.